ಚರ್ಚಿನೊಳಗಿನ ಕಛೇರಿ: ಉಟ್ರೆಕ್ಟ್ ನಗರದ ಪ್ರಾಚೀನ ಸಂಗೀತೋತ್ಸವವನ್ನು ಕುರಿತು

ಯುರೋಪಿನ ಮಧ್ಯಯುಗ ಹಾಗೂ ಪುನರುಜ್ಜೀವನ ಕಾಲದ ಸಂಗೀತವನ್ನು ಹಳೆಯ ಚರ್ಚುಗಳ ಒಳಗೆ ಕಛೇರಿಯ ರೂಪದಲ್ಲಿ ಹಾಡುವ ಪರಿಪಾಠವು ಕಳೆದ ಐದು ದಶಕಗಳಲ್ಲಿ ದೃಢವಾಗಿ ಬೇರೂರಿದೆ. ನ್ಯೂಯಾರ್ಕಿನ ಕಾರ್ಪಸ್ ಕ್ರಿಸ್ಟಿ ಚರ್ಚಿನಲ್ಲಿ 1975ರಲ್ಲಿ ಇಂತಹದೊಂದು ವಾರ್ಷಿಕ ಮಾಲಿಕೆ ಆರಂಭವಾಯಿತು. ಇಂಗ್ಲೆಂಡಿನ ಯಾರ್ಕ್ ನಗರದ ಉತ್ಸವ 1977ರದು. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದಲ್ಲಿ 1982ರಲ್ಲಿ ಮೊದಲುಗೊಂಡ ಪ್ರಾಚೀನ ಸಂಗೀತೋತ್ಸವವು ಇವುಗಳ ಪೈಕಿ ವಿಸ್ತಾರದಲ್ಲಿಯೂ ಪ್ರಭಾವದಲ್ಲಿಯೂ ಮುಂಚೂಣಿಯಲ್ಲಿ ನಿಲ್ಲುತ್ತದೆ. ಆಗಸ್ಟ್ ತಿಂಗಳ ಕೊನೆಯಿಂದ ಸೆಪ್ಟೆಂಬರ್ ಮೊದಲ ದಿನಗಳವರೆಗೆ ನಡೆಯುವ ಈ ಉತ್ಸವದಲ್ಲಿ ನಗರದ ಮಧ್ಯಭಾಗದ ಹಳೆಯ ಚರ್ಚುಗಳು ಬೆಳಗಿನಿಂದ ರಾತ್ರಿಯವರೆಗೆ ಸಂಗೀತಶಾಲೆಗಳಾಗುತ್ತವೆ. ಇಂತಹ ಮಾಲಿಕೆಗಳನ್ನು ಸಮರ್ಥಿಸುವವರು ಸಾಮಾನ್ಯವಾಗಿ ಮುಂದಿಡುವ ಮಾತೊಂದುಂಟು: ಚರ್ಚಿಗಾಗಿ ಹುಟ್ಟಿದ ಸಂಗೀತವು ಸಭಾಭವನದ ಪರಸ್ಥಳವಾಸದಿಂದ ಬಿಡುಗಡೆಗೊಂಡು ತನ್ನ ಮನೆಗೆ ಮರಳಿದೆ ಎಂಬುದು. ಕೇಳಲು ಹಿತವಾದ ಈ ಮಾತನ್ನು ಬಹುಮಟ್ಟಿಗೆ ಯಾರೂ ಪ್ರಶ್ನಿಸಿಲ್ಲ. ಆದರೆ ಉಟ್ರೆಕ್ಟ್‌ನ ಕಟ್ಟಡಗಳ ಚರಿತ್ರೆಯನ್ನು ತುಸು ಎಚ್ಚರದಿಂದ ಓದಿದವರಿಗೆ ಇದು ಅರ್ಧಸತ್ಯವೆಂದು ತೋರದಿರದು. ಅಲ್ಲಿ ಸಂಗೀತ ಮರಳಿರುವುದು ತನ್ನನ್ನು ಹೊರಹಾಕಿದ ಮನೆಗೆ.

ಹನ್ನೊಂದನೆಯ ಶತಮಾನದಲ್ಲಿ ಬಿಷಪ್ ಬರ್ನೋಲ್ಡ್‌ನ ಕಾಲದಲ್ಲಿ ಉಟ್ರೆಕ್ಟ್ ಒಂದು ಅಪೂರ್ವ ವಿನ್ಯಾಸವನ್ನು ಪಡೆಯಿತು. ನಡುವಿನ ಪ್ರಧಾನಾಲಯದ ಪೂರ್ವಕ್ಕೆ ಪೀಟರ್ ಚರ್ಚು, ಉತ್ತರಕ್ಕೆ ಯಾನ್ ಚರ್ಚು, ದಕ್ಷಿಣಕ್ಕೆ ಪೌಲನ ಮಠ ಎದ್ದುನಿಂತವು. ಮುಂದೆ ಪಶ್ಚಿಮಕ್ಕೆ ಮರಿಯಾ ಚರ್ಚು ಸೇರಿ ಇಡೀ ನಗರದ ಮೇಲೆ ಒಂದು ಶಿಲುಬೆಯನ್ನು ಬರೆದಂತಾಯಿತು. ಪೀಟರ್ ಚರ್ಚಿನ ಪ್ರತಿಷ್ಠೆ 1048ರಲ್ಲಿ ನಡೆಯಿತು. ಪ್ರಧಾನಾಲಯವಾದ ಡೋಮ್ ಚರ್ಚಿನ ಈಗಿನ ಗಾಥಿಕ್ ಕಟ್ಟಡದ ಕೆಲಸ 1254ರಲ್ಲಿ ಆರಂಭವಾಯಿತು. ಸುಮಾರು 112 ಮೀಟರ್ ಎತ್ತರದ ಗೋಪುರ 1321ರಿಂದ 1382ರ ನಡುವೆ ನಿರ್ಮಾಣಗೊಂಡಿತು. ಈ ಚರ್ಚುಗಳಲ್ಲಿ ಕ್ಯಾನನ್ ಪಾದ್ರಿಗಳ ಮಂಡಲಗಳು ದಿನದ ನಿಯತ ವೇಳೆಗಳಲ್ಲಿ ಲ್ಯಾಟಿನ್ ಪ್ರಾರ್ಥನೆಗಳನ್ನು ಹಾಡುತ್ತಿದ್ದವು. 1580ರಲ್ಲಿ ನಗರವು ಮತಸುಧಾರಣೆಯ ಪಕ್ಷಕ್ಕೆ ವಾಲಿ, ಕೆಥೋಲಿಕ್ ಆರಾಧನೆಯನ್ನು ನಿಷೇಧಿಸಿತು. ಮೂರ್ತಿಭಂಜಕರ ಕೈಗೆ ಸಿಕ್ಕಿ ಮುಖಗಳನ್ನು ಕಳೆದುಕೊಂಡ ಶಿಲಾಫಲಕವೊಂದು ಡೋಮ್ ಚರ್ಚಿನ ಉಪಾಲಯದಲ್ಲಿ ಇಂದಿಗೂ ಇದೆ. ಗಾರೆಯ ಹಿಂದೆ ಮುಚ್ಚಿಹೋಗಿದ್ದ ಅದು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಬೆಳಕಿಗೆ ಬಂದಿತು. ಕಲ್ಲಿನ ಮೇಲಿನ ಗಾಯ ಕಣ್ಣಿಗೆ ಕಾಣುತ್ತದೆ. ಅದೇ ವರ್ಷ ಅದೇ ಗೋಡೆಗಳ ನಡುವೆ ನಿಂತುಹೋದ ಗಾಯನಕ್ಕೆ ಅಂತಹ ಗುರುತು ಉಳಿಯುವುದಿಲ್ಲ.

ಕಟ್ಟಡವೂ ಇಡಿಯಾಗಿ ಉಳಿಯಲಿಲ್ಲ. 1674ರ ಆಗಸ್ಟ್ 1ರಂದು ಬೀಸಿದ ಬಿರುಗಾಳಿಗೆ ಡೋಮ್ ಚರ್ಚಿನ ನೇವ್, ಅಂದರೆ ಜನಸಾಮಾನ್ಯರು ನಿಲ್ಲುತ್ತಿದ್ದ ಉದ್ದನೆಯ ನಡುಮಂಟಪ, ಕುಸಿದುಬಿದ್ದಿತು. ಅದಕ್ಕೆ ಬೇಕಾದ ಆನಿಕೆಯ ಕಮಾನುಗಳು ಎಂದೂ ಪೂರ್ತಿಯಾಗಿರಲಿಲ್ಲ. ಒಂದೂವರೆ ಶತಮಾನದ ಕಾಲ ಬಿದ್ದಿದ್ದ ಅವಶೇಷಗಳನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ತೆರವುಗೊಳಿಸಲಾಯಿತು. ಆ ಜಾಗದಲ್ಲಿ ಈಗ ಬಯಲು ಚೌಕವಿದೆ. ಅದರ ಒಂದು ಬದಿಗೆ ಒಂಟಿ ಗೋಪುರ, ಇನ್ನೊಂದು ಬದಿಗೆ ಕ್ವಾಯರ್ ಎಂಬ ಪೂರ್ವಭಾಗ ಮತ್ತು ಅಡ್ಡಬಾಹುಗಳು ಮಾತ್ರ ಉಳಿದ ಚರ್ಚು. ಮರಿಯಾ ಚರ್ಚಿನ ಕಥೆ ಇನ್ನೂ ಅರ್ಥಪೂರ್ಣ. 1636ರಲ್ಲಿ ಉಟ್ರೆಕ್ಟ್‌ಗೆ ಬಂದು ತಿಂಗಳುಗಟ್ಟಲೆ ತಂಗಿದ್ದ ಚಿತ್ರಕಾರ ಪೀಟರ್ ಸಾನ್‌ರೆದಾಮ್ ಅದರ ಒಳಾಂಗಣವನ್ನು ಮತ್ತೆ ಮತ್ತೆ ಬರೆದ. ಸುಣ್ಣ ಬಳಿದ ಗೋಡೆ, ಬರಿದಾದ ನೆಲ, ಕಂಬಗಳ ಬುಡದಲ್ಲಿ ಬೆರಳಷ್ಟು ಗಾತ್ರದ ಒಬ್ಬಿಬ್ಬರು ಮನುಷ್ಯರು; ಅವನ ಚಿತ್ರಗಳಲ್ಲಿ ಕಾಣುವುದು ಇಷ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಚರ್ಚನ್ನು ಹಂತಹಂತವಾಗಿ ಕೆಡವಲಾಯಿತು. 1844ರಲ್ಲಿ ಅದರ ಕೊನೆಯ ಭಾಗವನ್ನು ಕೆಡವಿದ್ದು ಕಲೆ ಮತ್ತು ವಿಜ್ಞಾನಗಳಿಗೆ ಮೀಸಲಾದ, ಕಛೇರಿಗಳು ನಡೆಯುವ ಭವನವೊಂದಕ್ಕೆ ಜಾಗ ಮಾಡಿಕೊಡಲೆಂದು. ಇಂದು ಆ ನೆಲೆಯಲ್ಲಿ ನಗರದ ಸಂಗೀತ ಮಹಾವಿದ್ಯಾಲಯವಿದೆ. ಚರ್ಚಿನಿಂದ ಸಭಾಭವನಕ್ಕೆ ಸಂಗೀತ ಸಾಗಿದ ದಾರಿಯನ್ನು ಇದಕ್ಕಿಂತ ಅಕ್ಷರಶಃ ತೋರಿಸುವ ನಿವೇಶನ ಬೇರೆಡೆ ದೊರೆಯುವುದು ಕಷ್ಟ.

ಉತ್ಸವದಲ್ಲಿ ಹಾಡಲಾಗುವ ಕೃತಿಗಳ ತವರನ್ನು ಹುಡುಕಹೊರಟರೂ ಮರಳುವಿಕೆಯ ಕಲ್ಪನೆ ನಿಲ್ಲುವುದಿಲ್ಲ. 2018ರಲ್ಲಿ ಉತ್ಸವವು ಬರ್ಗಂಡಿಯ ಆಸ್ಥಾನವನ್ನು ವಿಷಯವಾಗಿ ಆರಿಸಿಕೊಂಡಿತ್ತು. 2024ರ ವಿಷಯ ಸೆವಿಲ್ ನಗರ. ಬರ್ಗಂಡಿಯ ಪ್ರಭುಗಳ ಆಳ್ವಿಕೆಗೆ ಸೇರಿದ ಹಾಗೂ ಅದರ ನೆರೆಯ ಪ್ರದೇಶಗಳಲ್ಲಿ ಬಾಳಿದ ವಾಗ್ಗೇಯಕಾರರಲ್ಲಿ ಗಿಯೋಮ್ ಡ್ಯುಫೇ ಮತ್ತು ಯಾಕೋಬ್ ಓಬ್ರೆಕ್ಟ್ ಪ್ರಮುಖರು. ಡ್ಯುಫೇ ತನ್ನ ಕೊನೆಯ ದಶಕಗಳನ್ನು ಕಳೆದ ಕಾಂಬ್ರೇ ನಗರದ ಪ್ರಧಾನಾಲಯ ಫ್ರೆಂಚ್ ಕ್ರಾಂತಿಯ ನಂತರ ನೆಲಸಮವಾಯಿತು. ಓಬ್ರೆಕ್ಟ್ 1485ರಲ್ಲಿ ಸೇವೆಗೆ ಸೇರಿದ ಬ್ರೂಜ್ ನಗರದ ಸಂತ ಡೊನೇಷಿಯನ್ನನ ಆಲಯವೂ 1799ರ ವೇಳೆಗೆ ಇಲ್ಲವಾಯಿತು. ಈ ಕೃತಿಗಳಿಗೆ ಮರಳಲು ಮನೆಯೇ ಉಳಿದಿಲ್ಲ. ಉಟ್ರೆಕ್ಟ್‌ನ ಚರ್ಚುಗಳು ಅವುಗಳಿಗೆ ಆಶ್ರಯ ನೀಡಿದ ದೂರದ ನೆಂಟರ ಮನೆಗಳೆನ್ನಬಹುದು. ಆ ನೆಂಟರೂ ನಾಲ್ಕು ಶತಮಾನಗಳ ಹಿಂದೆ ಸಂಬಂಧವನ್ನು ಕಡಿದುಕೊಂಡವರು.

ಹಾಗಾದರೆ ಈ ಕಛೇರಿಗಳ ವಂಶಾವಳಿಯನ್ನು ಎಲ್ಲಿ ಗುರುತಿಸಬೇಕು? ಉತ್ತರವು ಅನಿರೀಕ್ಷಿತವಾದ ದಿಕ್ಕಿನಲ್ಲಿದೆ. ಡಚ್ ನಾಡಿನ ಸುಧಾರಿತ ಪಂಥದ ಧರ್ಮಸಭೆಗಳು 1570ರ ದಶಕದಲ್ಲಿಯೇ ಆರಾಧನೆಯೊಳಗೆ ಆರ್ಗನ್ ವಾದನವನ್ನು ವಿರೋಧಿಸಿದವು. ಸಭಿಕರು ವಾದ್ಯದ ನೆರವಿಲ್ಲದೆ ಕೀರ್ತನೆಗಳನ್ನು ಒಂದೇ ಧಾಟಿಯಲ್ಲಿ ಹಾಡಬೇಕು ಎಂಬುದು ಅವರ ನಿಲುವು. ಆದರೆ ಅಮೂಲ್ಯವಾದ ಆರ್ಗನ್‌ಗಳನ್ನು ಒಡೆಯಲು ನಗರಸಭೆಗಳು ಒಪ್ಪಲಿಲ್ಲ. ಹೀಗಾಗಿ ಆಮ್‌ಸ್ಟರ್‌ಡಾಮಿನ ಹಳೆಯ ಚರ್ಚಿನಲ್ಲಿ 1621ರಲ್ಲಿ ತೀರಿಕೊಳ್ಳುವವರೆಗೆ ಆರ್ಗನ್ ನುಡಿಸಿದ ಯಾನ್ ಪೀಟರ್ಸ್‌ಜೋನ್ ಸ್ವೇಲಿಂಕ್ ನಗರಸಭೆಯ ನೌಕರನಾಗಿದ್ದ. ಅವನು ನುಡಿಸುತ್ತಿದ್ದುದು ಆರಾಧನೆಯ ಹೊರಗಿನ ವೇಳೆಯಲ್ಲಿ, ನಗರದ ಜನ ಕೇಳಲೆಂದು. ಧರ್ಮವು ಹೊರಗಿಟ್ಟದ್ದನ್ನು ನಗರಾಡಳಿತ ಅದೇ ಛಾವಣಿಯ ಕೆಳಗೆ ಉಳಿಸಿಕೊಂಡಿತು. ಆರ್ಗನ್‌ಗೆ ಆರಾಧನೆಯೊಳಗೆ ಸ್ಥಾನ ಕೊಡಬೇಕೆಂದು ಕವಿ ಹಾಗೂ ರಾಜತಂತ್ರಜ್ಞ ಕಾನ್‌ಸ್ಟಂಟೈನ್ ಹೈಗೆನ್ಸ್ 1641ರಲ್ಲಿ ಪುಸ್ತಿಕೆಯೊಂದನ್ನು ಪ್ರಕಟಿಸಿ ವಾದಿಸಬೇಕಾಯಿತೆಂಬುದನ್ನು ನೋಡಿದರೆ ಈ ವಿಭಜನೆ ಎಷ್ಟು ಗಟ್ಟಿಯಾಗಿತ್ತೆಂದು ತಿಳಿಯುತ್ತದೆ.

ಉಟ್ರೆಕ್ಟ್‌ನಲ್ಲಿಯೇ ಇದಕ್ಕೆ ಇನ್ನೊಂದು ಸೊಗಸಾದ ನಿದರ್ಶನವಿದೆ. ಹುಟ್ಟುಗುರುಡನಾದ ಯಾಕೋಬ್ ಫಾನ್ ಐಕ್ 1625ರಲ್ಲಿ ಡೋಮ್ ಗೋಪುರದ ಘಂಟಾವಾದಕನಾಗಿ ನೇಮಕಗೊಂಡ. ಗಂಟೆಯೊಂದರ ನಾದದಲ್ಲಿ ಅಡಗಿರುವ ಉಪಸ್ವರಗಳನ್ನು ಬೇರ್ಪಡಿಸಿ ಗುರುತಿಸಬಲ್ಲ ಕಿವಿ ಅವನದು. ಆ ತಿಳಿವಳಿಕೆಯ ನೆರವಿನಿಂದ ಹೆಮೋನಿ ಸಹೋದರರು ಶ್ರುತಿಶುದ್ಧವಾದ ಗಂಟೆಗಳನ್ನು ಎರಕ ಹೊಯ್ದರು. ರೆಕಾರ್ಡರ್ ಎಂಬ ಪುಟ್ಟ ಕೊಳಲಿನಲ್ಲಿಯೂ ಅವನು ಪ್ರವೀಣನಾಗಿದ್ದ. 1649ರಲ್ಲಿ ಯಾನ್ ಚರ್ಚಿನ ಆಡಳಿತವು ಅವನ ವಾರ್ಷಿಕ ವೇತನವನ್ನು 80ರಿಂದ 100 ಗಿಲ್ಡರ್‌ಗಳಿಗೆ ಏರಿಸಿದಾಗ ಒಂದು ಷರತ್ತನ್ನು ವಿಧಿಸಿತು: ಸಂಜೆಯ ಹೊತ್ತು ಚರ್ಚಿನ ಅಂಗಳದಲ್ಲಿ ಅಡ್ಡಾಡುವವರನ್ನು ಅವನು ಆಗಾಗ ತನ್ನ ಕೊಳಲಿನಿಂದ ರಂಜಿಸಬೇಕು. ಅವನು ಕಲ್ಪಿಸಿ ನುಡಿಸಿದ ಧಾಟಿಭೇದಗಳ ಸಂಗ್ರಹವು 1640ರ ದಶಕದಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ಕೀರ್ತನೆಯ ಧಾಟಿಗಳು, ಕುಣಿತದ ಮಟ್ಟುಗಳು, ಬೀದಿಯ ಹಾಡುಗಳು ಅದರಲ್ಲಿ ಒಂದರ ಪಕ್ಕ ಒಂದು ಕುಳಿತಿವೆ. ಚರ್ಚಿನ ಆವರಣ, ಸಂಬಳದ ಕಲಾವಿದ, ಪ್ರಾರ್ಥನೆಗೆ ಬಾರದ ಶ್ರೋತೃ: ಇಂದಿನ ಉತ್ಸವಕ್ಕೆ ಬೇಕಾದ ಮೂರೂ ಅಂಗಗಳು ಆ ಷರತ್ತಿನಲ್ಲಿ ಆಗಲೇ ಕೂಡಿಬಂದಿದ್ದವು. ಆದ್ದರಿಂದ ಉಟ್ರೆಕ್ಟ್‌ನ ಉತ್ಸವವು ಮಧ್ಯಯುಗದ ಕೆಥೋಲಿಕ್ ಗಾಯನಪರಂಪರೆಯ ಮುಂದುವರಿಕೆಯಲ್ಲ. ಹದಿನೇಳನೆಯ ಶತಮಾನದ ಪ್ರಾಟೆಸ್ಟಂಟ್ ನಗರಜೀವನವು ಕಂಡುಕೊಂಡ ಆಲಿಕೆಯ ಪದ್ಧತಿಯ ಮುಂದುವರಿಕೆ. ಹಾಡುವ ಸಂಗೀತ ಒಂದು ವಂಶದ್ದು, ಕೇಳುವ ಕ್ರಮ ಇನ್ನೊಂದು ವಂಶದ್ದು. ಈ ಮಿಶ್ರಣವನ್ನು ಮರೆಮಾಚದೆ ನೋಡಿದಾಗ ಮಾತ್ರ ಅಲ್ಲಿನ ಪ್ರಯೋಗಗಳ ಬೆಲೆಗಟ್ಟಲು ಸರಿಯಾದ ಅಳತೆಗೋಲು ದೊರೆಯುತ್ತದೆ.

ಮೊದಲನೆಯದಾಗಿ ಸ್ಥಳದ ಪ್ರಶ್ನೆ. ಚರ್ಚಿನ ಅನುರಣನವೇ ಈ ಸಂಗೀತದ ಪ್ರಾಣವೆಂಬ ಮಾತನ್ನು ವಿಮರ್ಶಕರು ಎಷ್ಟು ಬಾರಿ ಬರೆದಿದ್ದಾರೆಂದರೆ ಅದೀಗ ಮಂತ್ರದಂತೆ ಉಚ್ಚರಿಸಲ್ಪಡುತ್ತದೆ. ಆದರೆ ಚರ್ಚಿನ ಒಳಗೆ ಒಂದೇ ಅನುರಣನವಿರುವುದಿಲ್ಲ. ಡೆಬೊರಾ ಹೊವಾರ್ಡ್ ಮತ್ತು ಲಾರಾ ಮೊರೆಟ್ಟಿ ಎಂಬ ವಿದ್ವಾಂಸೆಯರು 2007ರಲ್ಲಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿನ ಗಾಯಕವೃಂದವನ್ನು ವೆನಿಸ್‌ಗೆ ಕರೆದೊಯ್ದು ಅಲ್ಲಿನ ಚರ್ಚುಗಳಲ್ಲಿ ಹಾಡಿಸಿ, ಬೇರೆ ಬೇರೆ ಜಾಗಗಳಲ್ಲಿ ಕುಳಿತವರಿಗೆ ಏನು ಕೇಳುತ್ತದೆಂಬುದನ್ನು ಪರೀಕ್ಷಿಸಿದರು. ಸಂತ ಮಾರ್ಕನ ಆಲಯದಲ್ಲಿ ಎದುರುಬದುರಾಗಿ ನಿಂತ ವೃಂದಗಳ ಸಂಕೀರ್ಣ ಗಾಯನವು ವೆನಿಸ್‌ನ ಅಧಿಪತಿಯಾದ ಡೋಜ್ ಕುಳಿತುಕೊಳ್ಳುತ್ತಿದ್ದ ಬಲಿಪೀಠದ ಆವರಣದಲ್ಲಿ ಸ್ಪಷ್ಟವಾಗಿ ಕೇಳಿಸಿತು. ಜನ ನಿಲ್ಲುತ್ತಿದ್ದ ನಡುಮಂಟಪದಲ್ಲಿ ಅದು ಕಲಸಿಹೋಯಿತು. ಅಂದರೆ ಆ ಸಂಗೀತದ ಸೂಕ್ಷ್ಮಗಳು ಅಧಿಕಾರದ ಆಸನಕ್ಕೆ ನಿವೇದಿತವಾಗಿದ್ದವು. ಸಾಮಾನ್ಯನ ಪಾಲಿಗೆ ಬಂದದ್ದು ಗಾಂಭೀರ್ಯದ ಒಂದು ಮೊರೆತ.

ಈ ಬೆಳಕಿನಲ್ಲಿ ಡೋಮ್ ಚರ್ಚಿನ ಕಛೇರಿಗಳನ್ನು ನೋಡಿದರೆ ವಿಚಿತ್ರವಾದ ಸಂಗತಿಯೊಂದು ಗೋಚರಿಸುತ್ತದೆ. 1674ರ ಬಿರುಗಾಳಿ ಜನಸಾಮಾನ್ಯರ ಜಾಗವನ್ನು ಕೊಂಡೊಯ್ದಿತು. ಉಳಿದಿರುವುದು ಬಹುಮಟ್ಟಿಗೆ ಪಾದ್ರಿಗಳ ಜಾಗ. ಇಂದು ಟಿಕೆಟ್ ಕೊಂಡು ಬರುವ ಶ್ರೋತೃವು ಕ್ಯಾನನ್ನರು ಹಾಡುತ್ತಿದ್ದ ಭಾಗದಲ್ಲಿ, ಹಿಂದಿನ ಕಾಲದಲ್ಲಾದರೆ ತಡೆಗೋಡೆಯ ಆಚೆ ನಿಂತು ಕೇಳಬೇಕಾಗಿದ್ದ ದನಿಗಳ ನಡುವೆಯೇ ಕುಳಿತುಕೊಳ್ಳುತ್ತಾನೆ. ಹೀಗೆ ದೊರೆಯುವ ಸ್ಪಷ್ಟತೆ ಚಾರಿತ್ರಿಕವೇ ಹೌದು, ಆದರೆ ಅದು ಚರಿತ್ರೆಯಲ್ಲಿ ಅವನಂತಹವನ ಪಾಲಿನದಾಗಿರಲಿಲ್ಲ. ಗಾಳಿಯ ಅವಘಡವೊಂದು ಶ್ರೋತೃವಿನ ದರ್ಜೆಯನ್ನು ಏರಿಸಿದೆಯೆಂದರೂ ತಪ್ಪಾಗದು.

ಸ್ಥಳವನ್ನು ಬಳಸಿಕೊಳ್ಳುವುದರಲ್ಲಿ ಗಾಯಕವೃಂದಗಳ ನಡುವಿನ ಭೇದ ಇಲ್ಲಿಯೇ ತಿಳಿಯುತ್ತದೆ. ಪೌಲ್ ಫಾನ್ ನೆವೆಲ್ 1971ರಲ್ಲಿ ಸ್ಥಾಪಿಸಿದ ಹುವೆಲ್ಗಾಸ್ ಎನ್ಸೆಂಬಲ್‌ನ ಗಾಯಕರು ಹಲವು ಬಾರಿ ವರ್ತುಲಾಕಾರವಾಗಿ, ಪರಸ್ಪರ ಮುಖ ನೋಡುತ್ತ ನಿಲ್ಲುತ್ತಾರೆ. ವೇದಿಕೆಯಿಂದ ಸಭೆಯೆಡೆಗೆ ಹರಿಯುವ ಗಾಯನವೆಂಬ ಸಭಾಭವನದ ರೂಢಿ ಅಲ್ಲಿ ಮುರಿಯುತ್ತದೆ. ಕೇಳುಗನು ಬೇರೆಯವರ ಕೆಲಸವೊಂದನ್ನು ಪಕ್ಕದಿಂದ ಆಲಿಸುವವನಾಗುತ್ತಾನೆ. 1987ರಲ್ಲಿ ಆರಂಭವಾದ ಡಚ್ ವೃಂದ ಕಾಪೆಲ್ಲಾ ಪ್ರಾಟೆನ್ಸಿಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎತ್ತರದ ಪೀಠದ ಮೇಲೆ ಒಂದೇ ದೊಡ್ಡ ಗಾಯನಗ್ರಂಥವನ್ನಿಟ್ಟು, ಎಲ್ಲರೂ ಅದರ ಮುಂದೆ ಒತ್ತಾಗಿ ನಿಂತು ಹಾಡುವ ಹಳೆಯ ಕ್ರಮವನ್ನು ಪಾಲಿಸುತ್ತದೆ. ಅಂತಹ ಗ್ರಂಥದಲ್ಲಿ ಪ್ರತಿಯೊಂದು ದನಿಯ ಸ್ವರಲಿಪಿ ಪುಟದ ಬೇರೆ ಬೇರೆ ಮೂಲೆಗಳಲ್ಲಿರುತ್ತದೆ, ತಾಳದ ವಿಭಾಗರೇಖೆಗಳಿರುವುದಿಲ್ಲ. ಉಳಿದ ದನಿಗಳು ಏನು ಹಾಡುತ್ತಿವೆಯೆಂಬುದನ್ನು ಗಾಯಕನು ಕಣ್ಣಿನಿಂದ ತಿಳಿಯಲಾರ, ಕಿವಿಯಿಂದಲೇ ತಿಳಿಯಬೇಕು. ಒತ್ತಾಗಿ ನಿಲ್ಲುವುದು ಇಲ್ಲಿ ವೇಷವಲ್ಲ, ಕೆಲಸದ ಅಗತ್ಯ. ಚರ್ಚಿನ ದೀರ್ಘ ಅನುರಣನದಲ್ಲಿ ಎಂಟು ಜನ ಒಂದೇ ಉಸಿರಿನಲ್ಲಿ ಸಾಗುವುದಕ್ಕೆ ಈ ಸಾಮೀಪ್ಯ ಕಾರಣವೆಂಬುದನ್ನು ಅವರ ಗಾಯನ ಕೇಳಿದವರು ಅಲ್ಲಗಳೆಯಲಾರರು.

ಇದಕ್ಕೆ ವಿರುದ್ಧವಾದ ಪ್ರವೃತ್ತಿಯೂ ಉಂಟು. ಹಿಲಿಯರ್ಡ್ ಎನ್ಸೆಂಬಲ್‌ನ ನಾಲ್ವರು ಗಾಯಕರು ಸ್ಯಾಕ್ಸೊಫೋನ್ ವಾದಕ ಯಾನ್ ಗರ್ಬಾರೆಕ್‌ನೊಂದಿಗೆ ಆಸ್ಟ್ರಿಯಾದ ಮಠವೊಂದರಲ್ಲಿ ಧ್ವನಿಮುದ್ರಿಸಿ 1994ರಲ್ಲಿ ಹೊರತಂದ ಆಫಿಷಿಯಮ್ ಎಂಬ ಮುದ್ರಿಕೆ ಹತ್ತು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಆ ಕಲಾವಿದರ ಕೌಶಲ ಸಂದೇಹಾತೀತ. ಆದರೆ ಅದರ ಯಶಸ್ಸಿನ ನಂತರ ಚರ್ಚಿನ ಅನುರಣನವು ಧೂಪದ ಹೊಗೆಯಂತೆ ಬಳಕೆಯಾಗತೊಡಗಿತು. ಮಂದ ದೀಪ, ನಿಧಾನ ಗತಿ, ಪದಗಳು ಕರಗಿಹೋಗುವಷ್ಟು ದೀರ್ಘವಾದ ಕಾರ್ವೆ ಇವುಗಳಿಂದ ಹುಟ್ಟುವ ಭಕ್ತಿಸದೃಶವಾದ ಮಬ್ಬು ಯಾವ ಕೃತಿಗಾದರೂ ಒಪ್ಪುತ್ತದೆ, ಯಾವ ಕೃತಿಯನ್ನೂ ವಿವರಿಸುವುದಿಲ್ಲ. ಬಹುಧ್ವನಿ ಗಾಯನದ ಸ್ವಾರಸ್ಯವಿರುವುದೇ ದನಿಗಳ ಪ್ರತ್ಯೇಕತೆಯಲ್ಲಿ. ಒಂದು ದನಿಯ ಪಲುಕನ್ನು ಇನ್ನೊಂದು ದನಿ ಎತ್ತಿಕೊಳ್ಳುವ ಕ್ಷಣ ಕೇಳದಿದ್ದರೆ ಡ್ಯುಫೇ ಒಂದೇ, ಗಾಳಿಗೆ ಮೊರೆಯುವ ಕಂಬಿಯೂ ಒಂದೇ. ಅನುರಣನವು ಕಟ್ಟಡಕ್ಕೇ ಅಂಟಿಕೊಂಡಿರಬೇಕಾಗಿಲ್ಲವೆಂಬುದೂ ಈಗ ಸಿದ್ಧವಾಗಿದೆ. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ ವಸ್ತುಸಂಗ್ರಹಾಲಯವಾಗಿದ್ದ ಕಾಲದಲ್ಲಿ, ಅಲ್ಲಿ ಹಾಡಲು ಅನುಮತಿಯಿರದ ಕಾರಣ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಬಲೂನುಗಳನ್ನು ಒಡೆದು ಆ ಸದ್ದನ್ನು ಮುದ್ರಿಸಿಕೊಂಡರು. ಅದರ ಆಧಾರದಿಂದ ಸುಮಾರು ಹನ್ನೊಂದು ಸೆಕೆಂಡುಗಳ ಅನುರಣನವನ್ನು ಕ್ಯಾಲಿಫೋರ್ನಿಯಾದ ಸಭಾಭವನವೊಂದರಲ್ಲಿ ವಿದ್ಯುನ್ಮಾನದಿಂದ ಮರುಸೃಷ್ಟಿಸಿ ಬೈಜಾಂಟಿಯನ್ ಗಾಯನವನ್ನು ಹಾಡಿಸಿದರು. 2019ರಲ್ಲಿ ಅದರ ಮುದ್ರಿಕೆಯೂ ಬಂದಿತು. ಅನುರಣನವೊಂದೇ ಮುಖ್ಯವಾಗಿದ್ದರೆ ಚರ್ಚಿಗೆ ಹೋಗುವ ಅಗತ್ಯವೇ ಉಳಿಯುವುದಿಲ್ಲ.

ಸ್ಥಳಕ್ಕಿಂತ ಹೆಚ್ಚು ಜಟಿಲವಾದದ್ದು ಕಾಲದ ಪ್ರಶ್ನೆ. ಚರ್ಚಿನ ಕಛೇರಿಗಳು ಕಟ್ಟಡವನ್ನು ಉಳಿಸಿಕೊಂಡು ಗಡಿಯಾರವನ್ನು ಬಿಟ್ಟುಕೊಟ್ಟಿವೆ. ಮಾಸ್ ಎಂಬ ಬಹುಧ್ವನಿ ರಚನೆಯಲ್ಲಿ ಕಿರಿಯೆ, ಗ್ಲೋರಿಯಾ, ಕ್ರೆಡೊ, ಸಾಂಕ್ಟುಸ್, ಆಗ್ನುಸ್ ದೇಯಿ ಎಂಬ ಐದು ಭಾಗಗಳಿರುತ್ತವೆ. ಬಲಿಪೂಜೆಯಲ್ಲಿ ಇವುಗಳ ಪೈಕಿ ಮೊದಲೆರಡು ಮಾತ್ರ ಒಂದರ ಬೆನ್ನಿಗೊಂದು ಬರುತ್ತವೆ. ಕ್ರೆಡೊ ಬರುವುದು ಸುವಾರ್ತೆಯ ವಾಚನವಾದ ಮೇಲೆ, ಸಾಂಕ್ಟುಸ್ ಬರುವುದು ರೊಟ್ಟಿ ಮತ್ತು ದ್ರಾಕ್ಷಾರಸದ ಸಮರ್ಪಣೆಯಾದ ಮೇಲೆ, ಆಗ್ನುಸ್ ದೇಯಿ ಬರುವುದು ಪರಮಪ್ರಸಾದದ ಹೊಸ್ತಿಲಲ್ಲಿ. ನಡುನಡುವೆ ಪ್ರಾರ್ಥನೆ, ವಾಚನ, ಏಕಧ್ವನಿಯ ಗ್ರೆಗೋರಿಯನ್ ಗಾನ, ದೀರ್ಘ ಮೌನ. ಹದಿನೈದನೆಯ ಶತಮಾನದ ವಾಗ್ಗೇಯಕಾರರು ಐದೂ ಭಾಗಗಳ ಟೆನರ್ ದನಿಯಲ್ಲಿ ಒಂದೇ ಆಧಾರಗೀತವನ್ನು ನಿಡಿದಾದ ಸ್ವರಗಳಲ್ಲಿ ಇರಿಸಿದ್ದು ಈ ಅಂತರಗಳನ್ನು ದಾಟಿ ಸ್ಮೃತಿಯನ್ನು ಬೆಸೆಯಲಿಕ್ಕಾಗಿ. ಅದು ದೂರವನ್ನು ಎದುರಿಸಿದ ಶಿಲ್ಪ. ಕಛೇರಿಯಲ್ಲಿ ಐದನ್ನೂ ಸಾಲಾಗಿ ಹಾಡಿದಾಗ ದೂರವೇ ಅಳಿದುಹೋಗಿ, ಬೆಸುಗೆಯು ಪುನರುಕ್ತಿಯಂತೆ ಕೇಳಿಸುತ್ತದೆ. ಬೇಸರವನ್ನು ತಪ್ಪಿಸಲೆಂದು ಸಂಯೋಜಕರು ನಡುವೆ ಬೇರೆ ಕೃತಿಗಳನ್ನು ಸೇರಿಸುತ್ತಾರೆ. ಆ ಸೇರ್ಪಡೆಗೆ ಕಾಲಕ್ರಮದ ಅಥವಾ ಹಬ್ಬದ ಸಂಬಂಧವಿದ್ದರೆ ಕೃತಿಗೆ ಉಸಿರು ಬರುತ್ತದೆ, ಇಲ್ಲದಿದ್ದರೆ ಅದು ಕೇವಲ ವೈವಿಧ್ಯ. ದೇವಾಲಯದ ಸೇವಾಕ್ರಮದಲ್ಲಿ ನುಡಿಯುವ ನಾಗಸ್ವರವನ್ನೂ ಸಭೆಯಲ್ಲಿ ನುಡಿಯುವ ನಾಗಸ್ವರವನ್ನೂ ಕೇಳಿಬಲ್ಲ ಕನ್ನಡದ ಓದುಗರಿಗೆ ಈ ಸಮಸ್ಯೆ ಪೂರ್ಣ ಅಪರಿಚಿತವೇನಲ್ಲ. ಆದರೆ ಅಲ್ಲಿ ಸೇವೆ ಇನ್ನೂ ನಿಂತಿಲ್ಲವಾದ್ದರಿಂದ ಹೋಲಿಕೆಯನ್ನು ಬಹುದೂರ ಎಳೆಯಲಾಗದು.

ಆರಾಧನೆಯ ಇಡೀ ಕ್ರಮವನ್ನು ಮರುಜೋಡಿಸಿ ಹಾಡುವುದು ಇದಕ್ಕೆ ಸೂಚಿತವಾದ ಪರಿಹಾರ. ಗಿಯೋಮ್ ದ ಮಾಶೋ ಹದಿನಾಲ್ಕನೆಯ ಶತಮಾನದಲ್ಲಿ ರಚಿಸಿದ ಮೆಸ್ ದ ನೋತ್ರ್ ದಾಮ್ ಕೃತಿಯನ್ನು ಆಂಡ್ರ್ಯೂ ಪ್ಯಾರಟ್ 1980ರ ದಶಕದಲ್ಲಿ ಏಕಧ್ವನಿ ಗಾನಗಳೊಂದಿಗೆ ಬಲಿಪೂಜೆಯ ಕ್ರಮದಲ್ಲಿಯೇ ಮುದ್ರಿಸಿದರು. ಮುಂದೆ 1990ರ ದಶಕದಲ್ಲಿ ಮಾರ್ಸೆಲ್ ಪೆರೆಸ್ ಅವರ ಎನ್ಸೆಂಬಲ್ ಆರ್ಗನಮ್ ಅದೇ ಕೃತಿಯನ್ನು ಕಾರ್ಸಿಕಾ ದ್ವೀಪದ ಜೀವಂತ ಗಾಯನಪರಂಪರೆಯವರ ಗಮಕಗಳೊಂದಿಗೆ ಹಾಡಿತು. ವಿದ್ವಾಂಸರು ಎರಡನೆಯದನ್ನು ಸಂಶಯದಿಂದ ನೋಡಿದ್ದುಂಟು. ಕಾರ್ಸಿಕಾದ ಇಂದಿನ ಗಂಟಲು ಷಾಂಪೇನ್ ಪ್ರಾಂತದ ಹದಿನಾಲ್ಕನೆಯ ಶತಮಾನದ ಗಂಟಲಿಗೆ ಸಾಕ್ಷಿಯಾಗಲಾರದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಸ್ವರಲಿಪಿಯ ನಯವಾದ ಮೇಲ್ಮೈಯ ಕೆಳಗೆ ಒರಟಾದ, ಉಸಿರಾಡುವ ದೇಹಗಳಿದ್ದವೆಂಬುದನ್ನು ಆ ಪ್ರಯೋಗ ನೆನಪಿಸಿದಷ್ಟು ಬೇರಾವುದೂ ನೆನಪಿಸಿಲ್ಲ. ಮೇಲ್ದನಿಗಳ ವಿಚಾರವೂ ಇಂತಹದೇ. ಹಿಂದೆ ಬಾಲಕರೋ ಕಳ್ಳದನಿಯ ಪುರುಷರೋ ಹಾಡುತ್ತಿದ್ದ ಜಾಗದಲ್ಲಿ ಇಂದು ಬಹುತೇಕ ವೃಂದಗಳಲ್ಲಿ ಸ್ತ್ರೀಯರು ಹಾಡುತ್ತಾರೆ. ಕ್ಯಾನನ್ನರ ಆವರಣದಲ್ಲಿ ಹಿಂದೆ ಊಹಿಸಲಾಗದಿದ್ದ ಈ ಬದಲಾವಣೆಯನ್ನು ಅಚಾರಿತ್ರಿಕವೆಂದು ದೂರುವವರು ವಿರಳ. ದೂರಬೇಕಾದ ಅಗತ್ಯವೂ ಇಲ್ಲ.

ಮರುಜೋಡಣೆಯ ಪ್ರಯತ್ನಗಳಲ್ಲಿ ಹೆಚ್ಚು ಗಂಭೀರವಾದದ್ದು ಓಬ್ರೆಕ್ಟ್‌ನ ಸಂತ ಡೊನೇಷಿಯನ್ ಮಾಸ್. ಬ್ರೂಜ್ ನಗರದ ಶ್ರೀಮಂತ ತುಪ್ಪಳ ವ್ಯಾಪಾರಿ ಡೊನಾಸ್ ದ ಮೋರ್ ಗಡೀಪಾರಾಗಿ 1483ರಲ್ಲಿ ತೀರಿಕೊಂಡ. ಅವನೂ ಅವನ ಹೆಂಡತಿ ಆಡ್ರಿಯಾನ್ ದ ವೋಸ್‌ಳೂ ನಗರದಲ್ಲಿ ಬಡವರಿಗಾಗಿ ಮನೆಗಳನ್ನು ಕಟ್ಟಿಸಿದ್ದರು. ಗಂಡನ ಆತ್ಮಶಾಂತಿಗಾಗಿ ಅವನ ನಾಮಸಂತನ ಹೆಸರಿನಲ್ಲಿ ಅವಳು ಏರ್ಪಡಿಸಿದ ಬಲಿಪೂಜೆಗೆಂದು ಈ ಕೃತಿ 1487ರ ಸುಮಾರಿಗೆ ಸಿದ್ಧವಾಯಿತೆಂದು ಸಂಶೋಧಕರು ನಿರ್ಣಯಿಸಿದ್ದಾರೆ. ಕೃತಿಯ ಒಡಲಲ್ಲಿ ಸಂತನ ಗಾನಗಳ ಜೊತೆಗೆ ಬಡ ಸೆರೆಯಾಳಿಗೆ ದೇವರ ಹೆಸರಿನಲ್ಲಿ ಭಿಕ್ಷೆ ನೀಡಿರೆಂದು ಬೇಡುವ ಡಚ್ ಭಾಷೆಯ ಹಾಡಿನ ಧಾಟಿಯೂ ಹುದುಗಿದೆ. ಜೆನಿಫರ್ ಬ್ಲಾಕ್ಸಮ್ ಅವರ ಸಂಶೋಧನೆ ಹಾಗೂ ಸ್ಟ್ರ್ಯಾಟನ್ ಬುಲ್ ಅವರ ನಿರ್ದೇಶನದಲ್ಲಿ ಕಾಪೆಲ್ಲಾ ಪ್ರಾಟೆನ್ಸಿಸ್ ಈ ಪೂಜೆಯನ್ನು ಇಡಿಯಾಗಿ ಪುನಾರಚಿಸಿ 2009ರಲ್ಲಿ ಪ್ರಕಟಿಸಿತು. ವಿದ್ವತ್ತು ಮತ್ತು ಗಾಯನ ಎರಡೂ ಒಂದಕ್ಕೊಂದು ಹೀಗೆ ಹೆಗಲು ಕೊಟ್ಟ ಉದಾಹರಣೆಗಳು ಹೆಚ್ಚಿಲ್ಲ.

ಆದರೆ ಈ ಪುನಾರಚನೆ ಯಶಸ್ವಿಯಾದಷ್ಟೂ ಅದರ ಮಿತಿಯೂ ನಿಚ್ಚಳವಾಗುತ್ತದೆ. ವಿಧವೆ ಹಣ ಕೊಟ್ಟದ್ದು ಸಂಗೀತಕ್ಕಾಗಿಯಲ್ಲ, ಸಂಗೀತದ ಮೂಲಕ ಸಲ್ಲಬೇಕಾದ ಪ್ರಾರ್ಥನೆಗಾಗಿ. ದತ್ತಿಯೆಂಬುದು ಬದುಕಿದ್ದವರು, ಸತ್ತವರು ಮತ್ತು ಬಡವರು ಈ ಮೂವರ ನಡುವಿನ ಋಣದ ವ್ಯವಸ್ಥೆ. ಅದರಲ್ಲಿ ಹಾಡುವುದು ಒಂದು ಕರ್ತವ್ಯ. ಕೇಳುವವರಿದ್ದಾರೆಯೇ ಇಲ್ಲವೇ ಎಂಬುದು ಗೌಣ. ಕಛೇರಿಯಲ್ಲಿ ಸತ್ತವನ ಸ್ಥಾನದಲ್ಲಿ ವಾಗ್ಗೇಯಕಾರ ನಿಂತಿದ್ದಾನೆ, ದಾನಿಯ ಸ್ಥಾನದಲ್ಲಿ ಟಿಕೆಟ್ ಕೊಂಡವನು ಮತ್ತು ಸಹಾಯಧನ ನೀಡುವ ಸಂಸ್ಥೆ. ಭಿಕ್ಷೆಯ ಹಾಡು ಟೆನರ್ ದನಿಯಲ್ಲಿ ಮೊದಲಿನಂತೆಯೇ ಬೇಡುತ್ತದೆ, ಚರ್ಚಿನಲ್ಲಿ ಕು‌ಳಿತ ಯಾರೂ ಅದಕ್ಕೆ ಕೈ ನೀಡಬೇಕಾಗಿಲ್ಲ. ಮತಶ್ರದ್ಧೆ ಕುಂದಿತೆಂಬ ಸಾಮಾನ್ಯ ಹಳಹಳಿಕೆಗಿಂತ ಈ ನಷ್ಟ ಹೆಚ್ಚು ನಿರ್ದಿಷ್ಟವಾದುದು. ಕಛೇರಿಯ ಕಿರುಹೊತ್ತಗೆಗಳು ಲಯ, ಶ್ರುತಿ, ಹಸ್ತಪ್ರತಿಗಳ ವಿವರಗಳಿಗೆ ನೀಡುವ ಸ್ಥಳದ ಒಂದಂಶವನ್ನಾದರೂ ಕೃತಿಗೆ ಹಣ ಕೊಟ್ಟವರು ಯಾರು, ಯಾರ ಹೆಸರಿನಲ್ಲಿ, ಯಾವ ದಿನಕ್ಕೆ ಎಂಬ ಮಾಹಿತಿಗೆ ನೀಡಿದರೆ ಕೇಳುಗನ ಕಿವಿ ಬೇರೆಯಾಗಿಯೇ ಕೆಲಸ ಮಾಡುತ್ತದೆ.

ಆತಿಥೇಯರ ವಿಚಾರವನ್ನು ಇಲ್ಲಿ ಮರೆಯಲಾಗದು. ಉತ್ಸವದ ಚರ್ಚುಗಳು ಪಾಳುಬಿದ್ದ ಸ್ಮಾರಕಗಳಲ್ಲ. ಡೋಮ್ ಚರ್ಚಿನಲ್ಲಿ ಪ್ರಾಟೆಸ್ಟಂಟ್ ಸಭೆ ಇಂದಿಗೂ ಸೇರುತ್ತದೆ; ಪೀಟರ್ ಚರ್ಚು ಹದಿನೇಳನೆಯ ಶತಮಾನದಿಂದ ಫ್ರೆಂಚ್ ಭಾಷೆಯ ವಾಲೂನ್ ಸಭೆಯ ನೆಲೆ; ಯಾಕೋಬಿ ಚರ್ಚಿನಲ್ಲಿ ಸುಧಾರಿತ ಪಂಥದ ಸಂಪ್ರದಾಯನಿಷ್ಠ ಸಭೆಯಿದೆ. ಕನ್ಯಾಮರಿಯಳನ್ನು ಮಧ್ಯಸ್ಥಿಕೆಗೆ ಕರೆಯುವ ಮೊಟೆಟ್‌ಗಳು, ಸತ್ತವರಿಗಾಗಿ ಹಾಡುವ ಮಾಸ್‌ಗಳು ಈ ಸಭೆಗಳ ಪೂರ್ವಜರು ಸಿದ್ಧಾಂತಪೂರ್ವಕವಾಗಿ ನಿರಾಕರಿಸಿದ ನಂಬಿಕೆಗಳಿಂದ ಹುಟ್ಟಿದವು. ಅವು ಈಗ ಅದೇ ಸುಣ್ಣದ ಗೋಡೆಗಳ ನಡುವೆ ನಿರಾತಂಕವಾಗಿ ಕೇಳಿಬರುತ್ತವೆ. ಇದನ್ನು ಸಹಿಷ್ಣುತೆಯೆಂದು ಕೊಂಡಾಡುವವರಿದ್ದಾರೆ. ಪದಗಳ ಅರ್ಥಕ್ಕೆ ಯಾರೂ ಕಿವಿಗೊಡದಿರುವುದರಿಂದ ಇದು ಸಾಧ್ಯವಾಗಿದೆಯೆಂಬ ಕಟುವಾದ ವಿವರಣೆಯೂ ಇದೆ. ಎರಡನೆಯದರಲ್ಲಿ ಸತ್ಯಾಂಶ ಹೆಚ್ಚು. 1580ರ ಜನ ಈ ಹಾಡುಗಳ ಅರ್ಥವನ್ನು ಬಲ್ಲವರಾಗಿದ್ದರು. ಅದಕ್ಕೆಂದೇ ಅವುಗಳನ್ನು ನಿಲ್ಲಿಸಿದರು. ಲ್ಯಾಟಿನ್ ಪದಗಳನ್ನು ಪ್ರಾಂತೀಯ ಉಚ್ಚಾರಣೆಯಲ್ಲಿ ತಿದ್ದಿ ತೀಡಿ ಹಾಡುವ ವೃಂದಗಳು, ಆ ಪದಗಳನ್ನು ಕೇಳುಗನಿಗೆ ತಲುಪಿಸುವ ಹೊಣೆಯನ್ನು ಅನುವಾದದ ಕಿರುಪುಟಕ್ಕೆ ಬಿಟ್ಟು ದೀಪವನ್ನು ಆರಿಸುವುದು ವಿಪರ್ಯಾಸ.

ಸುಸಜ್ಜಿತವಾದ ಆಧುನಿಕ ಸಭಾಭವನವೂ ಉತ್ಸವಕ್ಕೆ ಲಭ್ಯವಿದೆ. 1979ರಲ್ಲಿ ತೆರೆದ ಫ್ರೇಡೆನ್‌ಬುರ್ಗ್ ಸಂಗೀತಭವನ ಪುನರ್ನಿರ್ಮಾಣಗೊಂಡು 2014ರಲ್ಲಿ ಟಿವೋಲಿ ಫ್ರೇಡೆನ್‌ಬುರ್ಗ್ ಎಂಬ ಹೆಸರಿನಲ್ಲಿ ಮರಳಿ ತೆರೆಯಿತು. ದೊಡ್ಡ ವೃಂದಗಳ ಕಾರ್ಯಕ್ರಮಗಳು ಅಲ್ಲಿ ನಡೆಯುತ್ತವೆ. ಅಲ್ಲಿನ ಆಸನ, ಬೆಳಕು, ಸ್ಪಷ್ಟತೆ ಎಲ್ಲವೂ ಉತ್ತಮ. ಹಾಗಿದ್ದೂ ಕೇಳುಗರು ಚರ್ಚಿನ ಗಟ್ಟಿ ಕುರ್ಚಿಗಳನ್ನು ಬಯಸುವುದಕ್ಕೆ ಮೈಮರೆವಿನ ಆಸೆಯೊಂದೇ ಕಾರಣವಲ್ಲ. ಸಭಾಭವನದಲ್ಲಿ ಸಂಗೀತವು ಯಾರೊಂದಿಗೂ ವಾದಿಸಬೇಕಾಗಿಲ್ಲ. ಚರ್ಚಿನಲ್ಲಿ ಅದಕ್ಕೆ ಎದುರಾಗಿ ಮುಖವಿಲ್ಲದ ಶಿಲ್ಪಗಳು, ಇಲ್ಲದ ನಡುಮಂಟಪ, ಬೇರೆಯ ನಂಬಿಕೆಯ ವೇದಿಕೆ ನಿಂತಿರುತ್ತವೆ. ಈ ಎದುರುನಿಲುವನ್ನು ಕೇಳಿಸುವ ಕಾರ್ಯಕ್ರಮಗಳು ಉತ್ಸವದ ಅತ್ಯುತ್ತಮ ಕಾರ್ಯಕ್ರಮಗಳು. ಅದನ್ನು ದೀಪದ ಮಬ್ಬಿನಲ್ಲಿ ಮುಚ್ಚುವಂಥವು ಸಭಾಭವನಕ್ಕೆ ಹೋದರೂ ನಷ್ಟವಿಲ್ಲ.

ಡ್ಯುಫೇಯ ಕೊನೆಯ ದಿನಗಳ ಪ್ರಸಂಗವನ್ನು ಈ ಚರ್ಚೆಯಲ್ಲಿ ಯಾರೂ ಸಾಕಷ್ಟು ಬಳಸಿಕೊಂಡಂತಿಲ್ಲ. ಮರಿಯಳನ್ನು ಕುರಿತ ನಾಲ್ಕು ದನಿಗಳ ಮೊಟೆಟ್ ಒಂದರೊಳಗೆ ಅವನು ತನ್ನ ಹೆಸರನ್ನೇ ಸೇರಿಸಿ, ಸಾಯುತ್ತಿರುವ ತನ್ನ ಮೇಲೆ ಕರುಣೆ ಬರಲೆಂಬ ಬೇಡಿಕೆಯನ್ನು ಹೆಣೆದಿದ್ದ. ತನ್ನ ಅಂತ್ಯಕಾಲದಲ್ಲಿ, ಕೊನೆಯ ಸಂಸ್ಕಾರಗಳಾದ ಮೇಲೆ, ಹಾಸಿಗೆಯ ಬಳಿ ಅದನ್ನು ಹಾಡಬೇಕೆಂದು ಉಯಿಲಿನಲ್ಲಿ ಬರೆಸಿ ಅದಕ್ಕೆ ಹಣವನ್ನೂ ಇರಿಸಿದ. 1474ರ ನವೆಂಬರ್ 27ರಂದು ಅವನು ಕಾಂಬ್ರೇಯಲ್ಲಿ ತೀರಿಕೊಂಡಾಗ ಗಾಯಕರನ್ನು ಕರೆಸಲು ಸಮಯವಿರಲಿಲ್ಲ. ಮರುದಿನ ಪ್ರಧಾನಾಲಯದಲ್ಲಿ ನಡೆದ ಅಂತ್ಯಕ್ರಿಯೆಯಲ್ಲಿ, ಕರುಣೆಯನ್ನು ಬೇಡಬೇಕಾದ ಗಳಿಗೆ ಕಳೆದ ಮೇಲೆ, ಅವರು ಅದನ್ನು ಹಾಡಿದರು.